ಲಿಫ್ಟಿನ ಪುಸ್ತಕ ಕೇಳಿದ ತಿಂಗಳು

ಮಾರ್ಚ್ 3, ಸೋಮವಾರ

ಇಪ್ಪತ್ತನಾಲ್ಕು ವರ್ಷ ಅಚ್ಚುಕೂಟದಲ್ಲಿ ಕುಳಿತು ವ್ಯಾಕರಣ, ಇತಿಹಾಸ, ಸಸ್ಯಶಾಸ್ತ್ರ, ಎರಡು ವಿಶ್ವಕೋಶಗಳ ಕರಡು ತಿದ್ದಿದವಳ ಪಾಲಿಗೆ ಇವತ್ತು ಬಂದದ್ದು ಒಂದು ಲಿಫ್ಟು.

ಸ್ಟುಡಿಯೋದ ಯಜಮಾನಿ ಹೊಸ ಆಡಿಯೋ ಪುಸ್ತಕ ಕಳಿಸಿದ್ದಾಳೆ. ಹದಿನೆಂಟು ಅಧ್ಯಾಯ, ಒಂಬತ್ತೂವರೆ ಗಂಟೆ. ಧ್ವನಿಯನ್ನು ಕಿವಿಗೆ ಹಾಕಿಕೊಂಡು, ಪಠ್ಯದ ಮೇಲೆ ಬೆರಳಿಟ್ಟು, ಓದಿದವರು ಎಲ್ಲಿ ತಪ್ಪಿದರು, ಎಲ್ಲಿ ನುಂಗಿದರು, ಎಲ್ಲಿ ಗಂಟಲು ಸರಿಮಾಡಿಕೊಂಡರು ಎಂದು ಗುರುತು ಹಾಕುವುದು ನನ್ನ ಕೆಲಸ. ಅಚ್ಚುಕೂಟ ಮುಚ್ಚಿದ ಮೇಲೆ ಕಣ್ಣಿನ ಕೆಲಸ ಕಿವಿಗೆ ಬಂದಿದೆ.

ಕಥೆ ಹೀಗಿದೆ. ಕಟ್ಟಡದ ನಕ್ಷೆ ತಯಾರಿಸುವ ದೊಡ್ಡ ಕಂಪನಿ, ಅದರ ಯಜಮಾನ, ಹೊಸದಾಗಿ ಸೇರಿದ ಸಹಾಯಕಿ. ಎರಡನೆಯ ಅಧ್ಯಾಯದಲ್ಲೇ ಇಬ್ಬರೂ ಹತ್ತನೆಯ ಮತ್ತು ಹನ್ನೊಂದನೆಯ ಮಹಡಿಯ ನಡುವೆ ಸಿಕ್ಕಿಹಾಕಿಕೊಂಡರು. ಲಿಫ್ಟ್ ಕೆಟ್ಟರೆ ಮನುಷ್ಯರು ಮೊದಲು ಮಾಡುವ ಕೆಲಸ ಅಪಾಯದ ಗಂಟೆ ಒತ್ತುವುದು. ಇವರಿಬ್ಬರು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರು.

ಹನ್ನೆರಡು ತಪ್ಪು ಗುರುತಿಸಿದೆ. ಓದಿದವರು ಕಂಚಿನ ಕಂಠದ ಮನುಷ್ಯ, ಒಂದು ಕಾಲದಲ್ಲಿ ನಾಟಕದವರು. ಅಂಥ ಕಂಠವನ್ನು ಇಂಥದಕ್ಕೆ ಸವೆಸುವುದು ಗಂಧದ ಕೊರಡನ್ನು ಒಲೆಗೆ ಇಟ್ಟ ಹಾಗೆ.

ನನ್ನ ಗಂಡ, ಇವರು, ಮನೆ ಬಿಟ್ಟು ಹೋಗಿ ಇವತ್ತಿಗೆ ನಲವತ್ತೊಂದು ದಿನ. ಬರೆಯಬೇಕೆಂದೇನೂ ಇರಲಿಲ್ಲ, ಲೆಕ್ಕ ತಾನಾಗಿ ಬಂತು.

ಮಾರ್ಚ್ 4, ಮಂಗಳವಾರ

ಮೂರನೆಯ ಅಧ್ಯಾಯದಲ್ಲಿ ಯಜಮಾನ ಸಹಾಯಕಿಯ ಮಣಿಕಟ್ಟು ಹಿಡಿಯುತ್ತಾನೆ, ಅವಳ ಉಸಿರು ನಿಲ್ಲುತ್ತದೆ, ಅದನ್ನು ಪ್ರೇಮ ಎಂದು ನಾವು ತಿಳಿಯಬೇಕು.

ನಮ್ಮ ಅಚ್ಚುಕೂಟದ ಮ್ಯಾನೇಜರೂ ಮಣಿಕಟ್ಟು ಹಿಡಿಯುತ್ತಿದ್ದ. ಬೈಂಡಿಂಗ್ ವಿಭಾಗದಲ್ಲಿ ಹಾಳೆ ಮಡಿಸುತ್ತಿದ್ದವಳ ಉಸಿರೂ ನಿಲ್ಲುತ್ತಿತ್ತು, ಹೆದರಿಕೆಗೆ. ದೂರು ಬರೆದವಳು ನಾನು. ಬೆಳಿಗ್ಗೆ ಹನ್ನೊಂದು ಜನ ಸಹಿ ಹಾಕಿದರು. ಊಟದ ಹೊತ್ತು ಮುಗಿಯುವಷ್ಟರಲ್ಲಿ ಒಂಬತ್ತು ಜನ ಬಂದು ತಮ್ಮ ಹೆಸರು ಹೊಡೆದುಹಾಕಿ ಹೋದರು. ಉಳಿದ ಎರಡರಲ್ಲಿ ಒಂದು ಅವಳದು, ಒಂದು ನನ್ನದು. ಅವಳು ಕೆಲಸ ಬಿಟ್ಟಳು. ಅವನು ನಿವೃತ್ತನಾದ ದಿನ ಗೋಡೆಗಡಿಯಾರ ಕೊಟ್ಟರು. ಅದರ ಮೇಲೆ ಕೆತ್ತಿದ ಹೊಗಳಿಕೆಯ ಕರಡನ್ನು ತಿದ್ದಿದವಳೂ ನಾನೇ. ಆ ಒಂಬತ್ತು ಜನರ ಮುಖ ಇವತ್ತಿಗೂ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ, ಯಾರು ಯಾವ ಪೆನ್ನಿನಿಂದ ಹೊಡೆದರು ಎನ್ನುವುದು ಕೂಡ.

ಇದನ್ನೆಲ್ಲ ಸ್ಟುಡಿಯೋದ ಯಜಮಾನಿಗೆ ಒಂದೂವರೆ ಪುಟ ಬರೆದು ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು. “ಮೇಡಂ, ನೀವು ತಪ್ಪು ಹುಡುಕಿ, ಪಾಪ ಹುಡುಕಬೇಡಿ.”

ಅವಳಿಗೆ ಮೂವತ್ತೈದು ವಯಸ್ಸಿರಬೇಕು. ಚೆನ್ನಾಗಿ ಬರೆಯುತ್ತಾಳೆ, ಅದೇ ಬೇಜಾರು.

ಮಾರ್ಚ್ 7, ಶುಕ್ರವಾರ

ನಾದಿನಿ ಬಂದಿದ್ದಳು. ಅಣ್ಣನ ಪರವಾಗಿ ರಾಯಭಾರ. ಕೈಯಲ್ಲಿ ನೀಲಿ ಫೈಲು, ಅದರೊಳಗೆ ಒಪ್ಪಿಗೆಯ ಮೇಲೆ ಬೇರೆಯಾಗುವ ಅರ್ಜಿ. ಇವರ ಸಹಿ ಆಗಲೇ ಆಗಿದೆ. ಏಪ್ರಿಲ್ ಎರಡನೆಯ ವಾರ ಇವರಿಗೆ ಬೇರೆ ಊರಿಗೆ ವರ್ಗ, ಜೊತೆಗೆ ಅವಳಿಗೂ. ಅದಕ್ಕೆ ಮೊದಲು ನನ್ನ ಸಹಿ ಬೇಕಂತೆ.

ಅವಳು ಎಂದರೆ ಇವರ ಆಫೀಸಿನ ಅಳತೆಯವಳು. ಇವರು ನೀರು ಸರಬರಾಜು ಕಚೇರಿಯಲ್ಲಿ ನೆಲದಡಿಯ ಕೊಳವೆಗಳ ನಕ್ಷೆ ಬರೆಯುವವರು, ಅವಳು ಬೀದಿಯಲ್ಲಿ ಟೇಪು ಹಿಡಿದು ಅಳತೆ ತರುವವಳು. ಎರಡು ವರ್ಷದ ಕೆಳಗೆ ಸೇರಿದಳು. ಎರಡು ಸಲ ನಮ್ಮ ಮನೆಯಲ್ಲಿ ಉಂಡಿದ್ದಾಳೆ. ನನ್ನ ತಮಾಷೆಗಳಿಗೆ ಮನಸಾರೆ ನಕ್ಕಿದ್ದಳು. ಅವಳನ್ನು ದ್ವೇಷಿಸಲು ಹೊರಟಾಗಲೆಲ್ಲ ಆ ನಗು ಅಡ್ಡ ಬರುತ್ತದೆ.

ಅರ್ಜಿಯನ್ನು ನಿಂತಲ್ಲೇ ಓದಿದೆ. ಆರನೆಯ ಸಾಲಿಗೆ ಬಂದಾಗ ಕುಳಿತುಕೊಂಡೆ. “ಮದುವೆಯಾದಂದಿನಿಂದಲೂ, ಉಭಯತ್ರರ ನಡುವೆ ಪ್ರೀತಿ ವಿಶ್ವಾಸಗಳು ಇರಲಿಲ್ಲ.”

ಇದನ್ನು ಬರೆದವರು ಯಾರು ಎಂದು ಕೇಳಿದೆ. ವಕೀಲರಂತೆ. ಎಲ್ಲರ ಅರ್ಜಿಯಲ್ಲೂ ಇದೇ ಸಾಲು ಇರುತ್ತದಂತೆ, ಅಚ್ಚು ಹಾಕಿಟ್ಟ ಫಾರಂ ಅಂತೆ.

“ಎಲ್ಲರಿಗೂ ಒಂದೇ ಅಳತೆ ಆಗೋಕೆ ಇದೇನು ಆಸ್ಪತ್ರೆ ಗೌನಾ?” ಎಂದೆ.

“ಅತ್ತಿಗೆ, ನಮ್ಮಣ್ಣನ್ನ ಬೈಯಿರಿ, ಬೇಕಾದ್ರೆ ನಾನೂ ಎರಡು ಸೇರಿಸ್ತೀನಿ. ಆದ್ರೆ ಸಹಿ ಹಾಕಿಬಿಡಿ. ಹರಿದ ಚಪ್ಪಲಿಗೆ ಎಷ್ಟು ದಿನ ಅಂತ ಹೊಲಿಗೆ ಹಾಕ್ತೀರ?”

ಚಪ್ಪಲಿ ಹರಿದಿರಲಿಲ್ಲ, ಬೇರೆಯವರ ಕಾಲಿಗೆ ಹೋಯಿತು ಅಷ್ಟೇ ಎಂದೆ. ನಾದಿನಿ ನಕ್ಕಳು. ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದವಳು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

ಸುಳ್ಳು ವಾಕ್ಯದ ಕೆಳಗೆ ನನ್ನ ಹೆಸರು ಹಾಕುವುದಿಲ್ಲ. ಇವರು ಬಂದು, ಅದು ಸುಳ್ಳು ಎಂದು ಬಾಯಿ ಬಿಟ್ಟು ಹೇಳಲಿ. ಆಮೇಲೆ ನೋಡೋಣ. ಹೇಳಿದ ಮೇಲೆ ಇವರಿಗೂ ಹೋಗುವುದು ಅಷ್ಟು ಸುಲಭವಾಗಲಾರದು.

ಮಾರ್ಚ್ 12, ಬುಧವಾರ

ಏಳನೆಯ ಅಧ್ಯಾಯ. ಆಫೀಸಿನಲ್ಲಿ ಎಲ್ಲರೂ ಮನೆಗೆ ಹೋಗಿದ್ದಾರೆ. ನಕ್ಷೆಯ ದೊಡ್ಡ ಮೇಜು. ಅವನು ಹಾಳೆಗಳನ್ನು ಒಂದೊಂದಾಗಿ ಸುರುಳಿ ಸುತ್ತಿ ಬದಿಗಿಡುತ್ತಾನೆ, ಆತುರವಿಲ್ಲದೆ. ಅವಳು ಕಾಯುತ್ತಾಳೆ. ಕುತ್ತಿಗೆಯ ಹಿಂದಿನ ಕೂದಲನ್ನು ಬದಿಗೆ ಸರಿಸುತ್ತಾನೆ, ಅದಕ್ಕೂ ಆತುರವಿಲ್ಲ. ಮುಂದಿನದನ್ನು ಬರೆಯುವುದಿಲ್ಲ. ಪುಸ್ತಕ ಬರೆದಾಕೆ ಏನನ್ನೂ ಬಿಟ್ಟಿಲ್ಲ. ಮೂರು ಕಡೆ ಉಪಮೆ ಕೆಟ್ಟಿದೆ. ಒಂದು ಕಡೆ ಚೆನ್ನಾಗಿದೆ.

ಅಧ್ಯಾಯ ಮುಗಿದಾಗ ನೋಡುತ್ತೇನೆ, ಬೆರಳು ನೂರಹನ್ನೆರಡನೆಯ ಪುಟದಲ್ಲೇ ಇದೆ, ಧ್ವನಿ ನೂರಿಪ್ಪತ್ತನ್ನು ದಾಟಿದೆ. ಹತ್ತೊಂಬತ್ತು ನಿಮಿಷದಲ್ಲಿ ಒಂದೂ ಗುರುತಿಲ್ಲ. ಇಷ್ಟು ಶುದ್ಧವಾಗಿ ಯಾರೂ ಓದುವುದಿಲ್ಲ. ಐವತ್ತೇಳರ ವಯಸ್ಸಿಗೆ ಕಿವಿ ಬಿಸಿಯಾಗಿತ್ತು, ಇಯರ್‌ಫೋನಿನಿಂದ ಇರಬಹುದು.

ಮದುವೆಯಾದ ಮೊದಲ ವರ್ಷ ನಾವು ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿದ್ದೆವು. ಇವರು ನನ್ನ ಬೆನ್ನ ಮೇಲೆ ಬೆರಳಿನಿಂದ ನಕ್ಷೆ ಬರೆಯುತ್ತಿದ್ದರು. ಇಲ್ಲಿ ಆರು ಇಂಚಿನ ಕೊಳವೆ, ಇಲ್ಲಿ ತಿರುವು, ಇಲ್ಲಿ ವಾಲ್ವು. ಯಾವ ಬೀದಿ ಹೇಳು ಎನ್ನುತ್ತಿದ್ದರು. ಗೊತ್ತಿದ್ದರೂ ತಪ್ಪು ಹೇಳುತ್ತಿದ್ದೆ, ಮತ್ತೆ ಮೊದಲಿನಿಂದ ಬರೆಯಲಿ ಎಂದು.

ಈಗ ಯಾರ ಬೆನ್ನ ಮೇಲೆ ಯಾವ ಬೀದಿಯೋ.

ಮಾರ್ಚ್ 13, ಗುರುವಾರ

ಏಳನೆಯ ಅಧ್ಯಾಯ ಮತ್ತೆ ಕೇಳಿದೆ. ಕೆಲಸದ ಸಲುವಾಗಿ. ನಾಲ್ಕು ತಪ್ಪು ಸಿಕ್ಕಿತು.

ಮಾರ್ಚ್ 15, ಶನಿವಾರ

ಮತ್ತೆ ಏಳನೆಯ ಅಧ್ಯಾಯ. ತಪ್ಪೇನೂ ಸಿಗಲಿಲ್ಲ.

ಮಾರ್ಚ್ 18, ಮಂಗಳವಾರ

ಒಂಬತ್ತನೆಯ ಅಧ್ಯಾಯ, ಆರನೆಯ ನಿಮಿಷ. “ಅವನಿಗೊಬ್ಬಳು ಹೆಂಡತಿ ಇದ್ದಳು. ಆದರೆ ಆ ಮದುವೆ ಎಂದೋ ಸತ್ತುಹೋಗಿತ್ತು.”

ಅಷ್ಟೇ. ಒಂಬತ್ತೂವರೆ ಗಂಟೆಯ ಕಥೆಯಲ್ಲಿ ಹೆಂಡತಿಗೆ ಐದು ಸೆಕೆಂಡು. ಯಜಮಾನನ ಕೋಟಿನ ಗುಂಡಿಗೆ ಇದಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದಾರೆ. ಸತ್ತುಹೋಗಿತ್ತು ಎಂದು ಹೇಳಿದವರು ಯಾರು? ನಾಡಿ ನೋಡಿದವರು ಯಾರು? ಹೆಂಡತಿಯನ್ನು ಒಂದು ಮಾತು ಕೇಳಿದರೇ? ಸಾಯದಿದ್ದುದನ್ನು ಸತ್ತಿತು ಎಂದು ಬರೆದು ಹೂಳಿಬಿಟ್ಟರೆ ಅದಕ್ಕೆ ಬೇರೆಯೇ ಹೆಸರಿದೆ. ಐವತ್ತು ವರ್ಷದಿಂದ ಓದುತ್ತಿದ್ದೇನೆ. ಎಷ್ಟೋ ಕಾದಂಬರಿಗಳಲ್ಲಿ ಎಷ್ಟೋ ಹೆಂಡಿರು ಹೀಗೆ ಅರ್ಧ ಸಾಲಿನಲ್ಲಿ ತೀರಿಕೊಂಡಿದ್ದಾರೆ. ನಾನೂ ಪುಟ ತಿರುಗಿಸಿ ಮುಂದೆ ಹೋದವಳೇ. ಒಂದು ದಿನವೂ ಕೇಳಲಿಲ್ಲ.

ತಿದ್ದುಪಡಿಯ ಹಾಳೆಯಲ್ಲಿ ಮೂರು ಕಾಲಂ ಇರುತ್ತವೆ. ಯಾವ ನಿಮಿಷ, ಏನು ಕೇಳಿಸಿತು, ಏನು ಇರಬೇಕು. ಸಿಟ್ಟಿನಲ್ಲಿ ಮೂರನೆಯ ಕಾಲಂನಲ್ಲಿ ಪೆನ್ಸಿಲಿನಿಂದ ಬರೆದೆ. “ಅವನಿಗೊಬ್ಬಳು ಹೆಂಡತಿ ಇದ್ದಳು. ಆ ಮದುವೆ ಚೆನ್ನಾಗಿಯೇ ಇತ್ತು. ಅವಳ ನಗು ಅವನಿಗೆ ಬೇಸರ ತಂದಿರಲಿಲ್ಲ, ಅವಳ ಮಾತು ಹಳಸಿರಲಿಲ್ಲ. ಎಲ್ಲ ಗೊತ್ತಿದ್ದೂ ಅವನು ಇವಳ ಕಡೆಗೆ ನಡೆದ.”

ಬರೆದ ಮೇಲೆ ಹಗುರವಾಯಿತು. ಪೆನ್ಸಿಲಿನ ಬರಹ ಯಾರಿಗೂ ಸೇರಿದ್ದಲ್ಲ. ಶಾಯಿಯಲ್ಲಿದ್ದದ್ದು ಆಜ್ಞೆ, ಪೆನ್ಸಿಲಿನಲ್ಲಿದ್ದದ್ದು ತಿದ್ದುವವರ ಗೊಣಗಾಟ ಎಂದು ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವವರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಗೊತ್ತಿತ್ತು.

ಮಾರ್ಚ್ 20, ಗುರುವಾರ

ಹದಿನೆಂಟೂ ಮುಗಿಯಿತು. ಕೊನೆಯಲ್ಲಿ ಇಬ್ಬರೂ ಸಮುದ್ರ ಕಾಣುವ ಬಾಲ್ಕನಿಯಲ್ಲಿ ನಿಂತಿರುತ್ತಾರೆ. ನಿಲ್ಲಲಿ. ಹಾಳೆಗಳ ಫೋಟೋ ತೆಗೆದು ಸ್ಟುಡಿಯೋಗೆ ಕಳಿಸಿದೆ.

ನಾದಿನಿಯ ಫೋನು. ಇವರಿಗೆ ನೆಗಡಿಯಂತೆ. ನನಗೇನು ಎಂದೆ. ಬಿಸಿನೀರಿನ ಆವಿ ತೆಗೆದುಕೊಳ್ಳಲಿ, ಇವರಿಗೆ ಮಾತ್ರೆ ಒಗ್ಗುವುದಿಲ್ಲ ಎಂದೂ ಹೇಳಿದೆ.

ಮಾರ್ಚ್ 27, ಗುರುವಾರ

ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಕೆಡಲಿ.

ತಿದ್ದಿ ಮತ್ತೆ ಓದಿಸಿದ ತುಣುಕುಗಳನ್ನು ಸ್ಟುಡಿಯೋದವರು ಎರಡನೆಯ ಸಲ ಕೇಳಲು ಕಳಿಸಿದ್ದರು. ಬೆಳಿಗ್ಗೆ ಒಂದೊಂದೇ ಕೇಳುತ್ತ ಒಂಬತ್ತನೆಯ ಅಧ್ಯಾಯಕ್ಕೆ ಬಂದೆ. ಆರನೆಯ ನಿಮಿಷ. ಕಂಚಿನ ಕಂಠ ಹೇಳಿತು, “ಅವನಿಗೊಬ್ಬಳು ಹೆಂಡತಿ ಇದ್ದಳು. ಆ ಮದುವೆ ಚೆನ್ನಾಗಿಯೇ ಇತ್ತು.”

ಪೂರ್ತಿ ಓದಿದ್ದಾರೆ. ನಾನು ಗೀಚಿದ್ದನ್ನು, ಒಂದಕ್ಷರ ಬಿಡದೆ.

ಫೋಟೋ ತೆರೆದು ನೋಡಿದೆ. ಶಾಯಿಯೂ ಪೆನ್ಸಿಲೂ ಒಂದೇ ಬೂದು ಬಣ್ಣ. ಮೂರನೆಯ ಕಾಲಂನಲ್ಲಿ ಇರುವುದನ್ನು ಓದುವವರು ಪ್ರಶ್ನೆ ಮಾಡುವುದಿಲ್ಲ. ಮಾಡಬಾರದು ಎಂದು ಆ ಸ್ಟುಡಿಯೋಗೆ ಕಲಿಸಿದವಳೂ ನಾನೇ. ಪೆನ್ಸಿಲಿನ ವಿಷಯ ಕಲಿಸಲಿಲ್ಲ. ಅದು ಎಲ್ಲರಿಗೂ ಹುಟ್ಟುತ್ತಲೇ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಗೊತ್ತಿದ್ದವರೆಲ್ಲ ಎಲ್ಲಿ ಹೋದರೋ.

ತಕ್ಷಣ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಮೊದಲು ಇನ್ನೊಮ್ಮೆ ಕೇಳಿದೆ. ಆಮೇಲೆ ಇನ್ನೊಮ್ಮೆ. “ಚೆನ್ನಾಗಿಯೇ ಇತ್ತು” ಎನ್ನುವಲ್ಲಿ ಅವರು ಸ್ವಲ್ಪ ನಿಧಾನಿಸುತ್ತಾರೆ. ಮಧ್ಯಾಹ್ನ ಊಟಕ್ಕೆ ಏಳುವವರೆಗೆ ಅದನ್ನೇ ಕೇಳುತ್ತಿದ್ದೆ. ಪರಗಂಡಸಿನ ಬಾಯಲ್ಲಿ, ಸಂಬಳಕ್ಕೆ ಓದಿದ್ದು, ನಾನೇ ಬರೆದುಕೊಟ್ಟದ್ದು. ಆದರೂ.

ಮಾರ್ಚ್ 29, ಶನಿವಾರ

ಇನ್ನೂ ಹೇಳಿಲ್ಲ.

ಏಪ್ರಿಲ್ 1, ಮಂಗಳವಾರ

ಸ್ಟುಡಿಯೋಗೆ ಹೋಗಿ ಒಪ್ಪಿಕೊಂಡೆ. ಇಷ್ಟು ವರ್ಷದಲ್ಲಿ ಬೇರೆಯವರ ತಪ್ಪಿನ ಪಟ್ಟಿ ಹಿಡಿದುಕೊಂಡೇ ಎಲ್ಲ ಬಾಗಿಲು ತಟ್ಟಿದ್ದೇನೆ. ಇವತ್ತು ನನ್ನದೇ ತಪ್ಪು ಹಿಡಿದುಕೊಂಡು ಹೋದಾಗ ಆ ಗಾಜಿನ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯಲಿಲ್ಲ.

ಯಜಮಾನಿ ಬೈಯಲಿಲ್ಲ. ಆ ತುಣುಕು ಹಾಕಿ ಕೇಳಿದಳು. ಕೇಳುತ್ತ ನನ್ನ ಮುಖ ನೋಡಿದಳು. ಆಮೇಲೆ ಪುಸ್ತಕ ಬರೆದಾಕೆಗೆ ನನ್ನೆದುರೇ ಫೋನು ಮಾಡಿ ಕೇಳಿದಳು, ಇದು ಹೀಗೇ ಇರಬಹುದೇ ಎಂದು. ಆಕೆ ಹಲ್ಲಿನ ಡಾಕ್ಟರಂತೆ, ಮಧ್ಯೆ ಯಾರದೋ ಬಾಯಿ ತೆರೆಸಿಟ್ಟು ಮಾತಾಡುತ್ತಿದ್ದಳು. ಸಾಧ್ಯವಿಲ್ಲ ಎಂದಳು. ಫೋನಿಟ್ಟು ಯಜಮಾನಿ ನನಗೆ ವಿವರಿಸಿದಳು.

“ಮದುವೆ ಚೆನ್ನಾಗಿತ್ತು ಅಂದ್ಬಿಟ್ರೆ ಅವನು ಕೆಟ್ಟವನಾಗ್ತಾನಲ್ಲ ಮೇಡಂ. ಕೆಟ್ಟವನ ಮೇಲೆ ಕೇಳೋರಿಗೆ ಹೇಗೆ ಮನಸ್ಸಾಗುತ್ತೆ?”

ಕೆಟ್ಟವನೇನಲ್ಲ ಎಂದು ನಾನು ವಾದಕ್ಕೆ ನಿಂತೆ. ಒಳ್ಳೆಯ ಮನುಷ್ಯನೂ ಎದ್ದು ಹೋಗಬಹುದು, ಹೋಗುವಾಗ ನೋವೂ ಪಡಬಹುದು, ಅದನ್ನು ಬರೆಯಲು ಧೈರ್ಯ ಬೇಕು ಎಂದೆಲ್ಲ ಹತ್ತು ನಿಮಿಷ ಮಾತಾಡಿದೆ. ಲಿಫ್ಟಿನ ಆಸಾಮಿಯ ಪರವಾಗಿ ವಕಾಲತ್ತು. ಬಸ್ಸಿನಲ್ಲಿ ಬರುವಾಗ ನಗು ಬಂತು. ಪಕ್ಕದ ಸೀಟಿನ ಹೆಂಗಸು ಕರವಸ್ತ್ರ ಕೊಟ್ಟದ್ದು ಯಾಕೆಂದು ಇಳಿದ ಮೇಲೆ ಗೊತ್ತಾಯಿತು.

ಹಳೆಯ ಸಾಲನ್ನೇ ಮತ್ತೆ ಓದಿಸುತ್ತಾರೆ.

ಏಪ್ರಿಲ್ 3, ಗುರುವಾರ

ಕಂಚಿನ ಕಂಠದವರು ತಾವೇ ಫೋನು ಮಾಡಿದ್ದರು. ಮೂಲದ ಸಾಲು ಓದಿ ಕಳಿಸಿದ್ದೇನೆ, ನೋಡಿ ಎಂದರು. ಮಾಮೂಲಿ ಮಾತಿನಲ್ಲಿ ಅವರ ದನಿ ತೀರ ತೆಳು, ಯಾವುದೋ ಗುಮಾಸ್ತನ ದನಿ. ಫೋನಿಡುವ ಮೊದಲು ಒಂದು ಮಾತು ಹೇಳಿದರು. “ನೀವು ಬರೆದಿದ್ದು ಓದೋವಾಗ ಮಾತ್ರ ಅವನು ಮನುಷ್ಯ ಅನ್ನಿಸ್ದ ನೋಡಿ. ಉಳಿದಿದ್ದೆಲ್ಲ ಬರೀ ಮೈ.”

ಆ ಬರೀ ಮೈಯ ಭಾಗವನ್ನು ನೀವು ಬಹಳ ಚೆನ್ನಾಗಿ ಓದಿದ್ದೀರಿ ಎಂದೆ. ಹೇಳಬಾರದಿತ್ತೇನೋ. ನಿಜ, ಹೇಳಿದೆ.

ಹೊಸ ತುಣುಕು ಕೇಳಿದೆ. “ಆ ಮದುವೆ ಎಂದೋ ಸತ್ತುಹೋಗಿತ್ತು.” ಉಚ್ಚಾರ ಶುದ್ಧ, ಉಸಿರಿನ ಸದ್ದಿಲ್ಲ. ಸರಿ ಎಂದು ಗುರುತು ಹಾಕಿದೆ.

ಆಮೇಲೆ ಮನೆ ಬಿಟ್ಟು ಹೋದವರಿಗೇ ನೇರವಾಗಿ ಫೋನು ಮಾಡಿದೆ, ನಾದಿನಿಯ ಮೂಲಕ ಅಲ್ಲ. ಶನಿವಾರ ಬಂದು ಸಹಿ ತೆಗೆದುಕೊಂಡು ಹೋಗಿ ಎಂದೆ. ಹಾಕುತ್ತೇನೆ ಎಂದು ಹೇಳಲಿಲ್ಲ. ನೆಗಡಿ ವಾಸಿಯಾಗಿದೆ.

ಏಪ್ರಿಲ್ 5, ಶನಿವಾರ

ನಾಲ್ಕು ಗಂಟೆಗೆ ಬಂದರು. ಕರೆಗಂಟೆ ಒತ್ತಿ ಬಂದರು. ಮೂವತ್ತು ವರ್ಷ ಆ ಗಂಟೆಯನ್ನು ಅವರು ಒತ್ತಿದ್ದು ನೆನಪಿಲ್ಲ. ಶರ್ಟು ನನಗೆ ಗೊತ್ತಿಲ್ಲದ್ದು. ತೆಳ್ಳಗಾಗಿದ್ದಾರೆ. ಊಟದ ಮೇಜಿನ ಆಚೆ ಬದಿಗೆ, ಅತಿಥಿಗಳು ಕೂರುವ ಕುರ್ಚಿಯಲ್ಲಿ ಕೂತರು. ನೀರು ಕೊಟ್ಟೆ, ಕುಡಿದರು.

ನೀಲಿ ಫೈಲನ್ನು ಅವರ ಮುಂದಿಟ್ಟೆ. ಕಿವಿಗೆ ಬೀಳದ್ದನ್ನು ನಾನು ಪಾಸು ಮಾಡುವುದಿಲ್ಲ, ಓದಿ ಎಂದೆ. ಕನ್ನಡಕ ಹಾಕಿಕೊಂಡು ಶುರು ಮಾಡಿದರು.

“ಮಾನ್ಯ ನ್ಯಾಯಾಲಯದ ಸನ್ನಿಧಾನಕ್ಕೆ, ಅಲ್ಪವಿರಾಮ, ಅರ್ಜಿದಾರರು ಒಂದು ಮತ್ತು ಎರಡು, ಪೂರ್ಣವಿರಾಮ.”

ಇಬ್ಬರೂ ಮುಖ ನೋಡಿಕೊಂಡೆವು. ಮದುವೆಯಾದ ಹೊಸದರಲ್ಲಿ ಅಚ್ಚುಕೂಟದ ಕೆಲಸ ಮುಗಿಯದೆ ಭಾನುವಾರ ಮನೆಗೆ ತರುತ್ತಿದ್ದೆ. ಹಸ್ತಪ್ರತಿ ಹಿಡಿದು ಜೋರಾಗಿ ಓದಲು ಒಬ್ಬರು ಬೇಕು, ಕರಡಿನ ಮೇಲೆ ಕಣ್ಣಿಡಲು ಒಬ್ಬರು. ಅವರು ಓದುತ್ತಿದ್ದರು, ಚುಕ್ಕಿ ಗೆರೆಗಳನ್ನೂ ಬಿಡದೆ. ಸಸ್ಯಶಾಸ್ತ್ರದ ಇಡೀ ಸಂಪುಟವನ್ನು ನಾನು ಕೇಳಿದ್ದು ಅವರ ಬಾಯಲ್ಲೇ. ಎಂದೋ ನಿಂತುಹೋದ ಆ ಅಭ್ಯಾಸ ನಾಲಿಗೆಯ ಮೇಲೆ ಇನ್ನೂ ಇತ್ತು. ಅವರಿಗೇ ಗೊತ್ತಿರಲಿಲ್ಲ.

ಹಾಗೆಯೇ ಮುಂದುವರಿಸಿದರು. ಹೆಸರು, ವಯಸ್ಸು, ಉದ್ಯೋಗ. ಆರನೆಯ ಸಾಲು.

“ಮದುವೆಯಾದಂದಿನಿಂದಲೂ, ಅಲ್ಪವಿರಾಮ, ಉಭಯತ್ರರ ನಡುವೆ…”

ನಿಂತರು. ಹಾಳೆಯನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು.

“ಇದು ಸುಳ್ಳು ಕಣೇ,” ಎಂದರು. “ಚೆನ್ನಾಗೇ ಇದ್ವಿ ನಾವು.”

ಎಪ್ಪತ್ತನಾಲ್ಕು ದಿನದಿಂದ ಈ ಮಾತಿಗಾಗಿ ಕಾದಿದ್ದೆ. ಅದು ಅವರ ಬಾಯಿಂದ ಬಂದ ಕೂಡಲೇ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲಿ ಪುಟಗಟ್ಟಲೆ ಬರೆದಿಟ್ಟಿದ್ದೆ. ಹಾಗಾದರೆ ಯಾಕೆ ಎಂದಷ್ಟೇ ಕೇಳಿದೆ.

ಅವರು ಯೋಚನೆ ಮಾಡದೆ ಉತ್ತರ ಕೊಡುವವರಲ್ಲ. ಹಾಳೆಯ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದರು.

“ಯಾಕೆ ಅಂದ್ರೆ ಹೇಳೋಕೆ ಏನೂ ಇಲ್ಲ. ನಿನ್ನಲ್ಲಿ ಇದು ಸರಿಯಿಲ್ಲ, ಅದು ಸರಿಯಿಲ್ಲ ಅಂತ ಹೋದವನಲ್ಲ ನಾನು. ತಪ್ಪು ಅಂತ ಒಂದು ಇದ್ದಿದ್ರೆ ನೀನು ಯಾವತ್ತೋ ತಿದ್ದಿರ್ತಿದ್ದೆ.”

ಹೇಳಿ ಅತ್ತರು. ಶಬ್ದವಿಲ್ಲದೆ, ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು. ನಾನು ಎದ್ದು ಹೋಗಿ ತಲೆಯ ಮೇಲೆ ಕೈಯಿಡಬೇಕು ಅನ್ನಿಸಿತು. ಇಡಲಿಲ್ಲ. ಈ ಕಡೆಯ ಕುರ್ಚಿಯಲ್ಲೇ ಕೂತಿದ್ದೆ. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು.

ಪೂರ್ತಿ ಓದಿ ಎಂದೆ. ಮುಖ ಒರೆಸಿಕೊಂಡು ಓದಿದರು, ಆರನೆಯ ಸಾಲಿನಿಂದ ಕೊನೆಯವರೆಗೆ, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ. ಎಲ್ಲಿಯೂ ತಡವರಿಸಲಿಲ್ಲ. ಅವರ ಓದು ಯಾವಾಗಲೂ ಚೆಂದ.

ಹಾಳೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಆರನೆಯ ಸಾಲನ್ನು ಹಾಗೆಯೇ ಬಿಟ್ಟು, ಕೆಳಗೆ ಸಹಿ ಹಾಕಿದೆ.